ಲೈವ್ ಎಡ್ಜ್ ಮೇಜು ಮಾರೋದಕ್ಕೆ ಶೋರೂಮಿಗಿಂತ ಹೋಂಸ್ಟೇ ಮೇಲು

ಮರದ ಅಂಚನ್ನು ಹಾಗೇ ಉಳಿಸಿ, ಒಂದೇ ಹಲಗೆಯಲ್ಲಿ ಮಾಡಿದ ಮೇಜನ್ನು ಕೊಡಗಿನಲ್ಲಿ ಕೂತು ಯಾರಿಗೆ, ಎಲ್ಲಿ ಮಾರಬೇಕು ಅಂತ ಕೇಳಿದರೆ ನನ್ನ ಓಟು ಹೋಂಸ್ಟೇಗೆ: ಅಲ್ಲಿನ ಕೋಣೆಯಲ್ಲಿ ಮೇಜು ಇಟ್ಟು, ತಂಗಲು ಬಂದವರಿಗೇ ಮಾರೋದು. ಬೆಂಗಳೂರಿನ ಶೋರೂಮಿಗೂ ಕೊಟ್ಟು ನೋಡಿದ್ದೇನೆ, ಮೊಬೈಲ್‌ನಲ್ಲಿ ಜಾಹೀರಾತು ಹಾಕಿಯೂ ನೋಡಿದ್ದೇನೆ. ಮೂರರಲ್ಲೂ ಮಾರಾಟ ಆಗುತ್ತದೆ. ಆದರೆ ಮಾಡಿದವನಿಗೆ ಮರ್ಯಾದೆಯ ದುಡ್ಡು ಕೈಗೆ ಬಂದು, ತಗೊಂಡವರ ಮನೆಯಲ್ಲಿ ಮೇಜು ನೆಟ್ಟಗೆ ಉಳಿಯೋದು ಹೋಂಸ್ಟೇ ದಾರಿಯಲ್ಲಿ ಮಾತ್ರ ಅನ್ನೋದು ನನ್ನ ಅನುಭವ.

ನಾನು ಮಾಡೋದು ಹಲಸು ಮತ್ತು ಸಿಲ್ವರ್ ಓಕ್ ಎರಡರಲ್ಲೇ. ಐದಡಿ ಉದ್ದ, ಇಪ್ಪತ್ತೇಳು ಇಂಚು ಅಗಲ, ಒಂದೂಮುಕ್ಕಾಲು ಇಂಚು ದಪ್ಪ. ಬೀಟೆ, ತೇಗದ ತಂಟೆಗೆ ಹೋಗೋದಿಲ್ಲ. ಅವನ್ನು ಕಡಿಯಲಿಕ್ಕೂ ಸಾಗಿಸಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಹಿಡಿದು ಓಡಾಡಬೇಕು. ಕಾಫಿ ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್‌ಗೆ ಆ ರಗಳೆ ಕಡಿಮೆ, ಸರಿಯಾಗಿ ಸೀಳಿಸಿದರೆ ಜರಿಯಂಥ ಹೊಳೆಯುವ ಚುಕ್ಕೆ ಬರುತ್ತದೆ. ಹಲಸು ಮೊದಲು ಹಳದಿ, ಬೆಳಕು ಬಿದ್ದ ಹಾಗೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಇದನ್ನು ಫೋಟೋದಲ್ಲಿ ತೋರಿಸೋಕಾಗಲ್ಲ. ಮೊಬೈಲ್ ಮಾರಾಟ ನನಗೆ ಒಗ್ಗದಿರಲು ಇದೂ ಒಂದು ಕಾರಣ.

ಜಾಹೀರಾತಿನ ವಿಷಯ ಬೇಗ ಮುಗಿಸುತ್ತೇನೆ. ಫೋಟೋ ಹಾಕಿದ ಗಳಿಗೆಯಿಂದ 'ಲಾಸ್ಟ್ ಎಷ್ಟು?' ಶುರು. ಆರು ಸಾವಿರದ ಪ್ಲೈವುಡ್ ಮೇಜು ನೋಡಿ ಬಂದವರಿಗೆ ಮೂವತ್ತು ಸಾವಿರ ಅಂದರೆ ಫೋನ್ ಕಟ್. 'ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅನ್ನುವವರೂ ಬರುತ್ತಾರೆ. ದುಡ್ಡು ತಗೊಳ್ಳೋದಕ್ಕೆ ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಹಾಗೆ ಕೇಳಿದರೆ ಮೋಸ ಅಂತಲೇ ತಿಳಿದು ನಂಬರ್ ಬ್ಲಾಕ್ ಮಾಡಿ. ಇನ್‌ಸ್ಟಾಗ್ರಾಂ ಪುಟ ಇಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿದಾಗ ಹಳೇ ಕೆಲಸ ತೋರಿಸೋದಕ್ಕೆ ಅದು ಚೆನ್ನಾಗಿದೆ.

ಮಡಿಕೇರಿಯಲ್ಲಿ ಮಳಿಗೆ ಹಾಕುವ ಯೋಚನೆ ಇರುವವರಿಗೆ ಒಂದೇ ಮಾತು: ಜನ ಅಲ್ಲಿ ಕೊಳ್ಳೋದು ಕಾರಿನ ಡಿಕ್ಕಿಗೆ ಹಿಡಿಯುವಷ್ಟನ್ನು, ಜೇನು, ಕರಿಮೆಣಸು, ಕಾಫಿ ಪುಡಿ.

ಇನ್ನು ಶೋರೂಂ. ಇದರ ಬಗ್ಗೆ ನಾನು ವಿವರವಾಗಿ ಹೇಳಲೇಬೇಕು.

ಬೆಂಗಳೂರಿನ ಒಂದು ಅಂಗಡಿಯವರು ಮೇಜು ನೋಡಿ ಖುಷಿಪಟ್ಟರು. ಮಾರಾಟವಾದರೆ ಮೂವತ್ತು ಪರ್ಸೆಂಟ್ ಅವರದ್ದು ಅಂತ ಮಾತಾಯಿತು. ಒಳ್ಳೆಯ ಅಗಲದ ಹಲಸಿನ ಹಲಗೆ, ಎರಡು ಮಳೆಗಾಲ ಶೆಡ್ಡಿನಲ್ಲಿ, ಗಾಳಿಯಾಡಲು ಹಲಗೆಗಳ ನಡುವೆ ಪಟ್ಟಿ ಇಟ್ಟು ಒಣಗಿಸಿದ್ದು, ಆಮೇಲೆ ಕುಶಾಲನಗರದ ಸಾಮಿಲ್ಲಿನ ಒಣ ಜಾಗದಲ್ಲೂ ಇರಿಸಿದ್ದು. ಕಳಿಸುವ ದಿನ ಮೀಟರ್ ಒತ್ತಿ ನೋಡಿದಾಗ ತೇವಾಂಶ ಹದಿಮೂರು ಪರ್ಸೆಂಟ್. ನಮ್ಮಲ್ಲಿ ಗಾಳಿಗೆ ಒಣಗಿದ ಮರ ಅದಕ್ಕಿಂತ ಕೆಳಗಿಳಿಯೋದು ಕಷ್ಟ. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವಾಗ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮರ ಆ ಗಾಳಿಯ ಜೊತೆಗೇ ಬದುಕುತ್ತದೆ.

ಹಾಗಾಗಿ ಈ ಮರ ಬೆಂಗಳೂರಿಗೆ ಹೋದರೆ, ಅದರಲ್ಲೂ ಎಸಿ ಕೋಣೆಗೆ ಹೋದರೆ, ಇನ್ನೂ ಒಣಗುತ್ತದೆ. ಒಣಗಿದಾಗ ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗೋದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಇಪ್ಪತ್ತೇಳು ಇಂಚಿನ ಹಲಗೆ ಕಾಲು ಇಂಚು ಒಳಗೆ ಬಂದರೂ ಆಶ್ಚರ್ಯವಿಲ್ಲ. ಅದಕ್ಕೆಂದೇ ನಾನು ಕಾಲಿನ ಚೌಕಟ್ಟಿನಲ್ಲಿ ಸ್ಕ್ರೂ ತೂತುಗಳನ್ನು ಗುಂಡಗೆ ಕೊರೆಯೋದಿಲ್ಲ, ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಕೊರೆಯುತ್ತೇನೆ. ಸ್ಕ್ರೂ ಹಿಡಿದುಕೊಂಡಿರುತ್ತದೆ, ಆದರೆ ಮರ ಕುಗ್ಗಿದಾಗ ಅದರ ಜೊತೆ ಸರಿಯುತ್ತದೆ. ವಾಷರ್ ಹಾಕಿ ಕೈಬಿಗಿ ಮಾತ್ರ. ಮೇಜಿನ ಜೀವ ಇರೋದೇ ಆ ತೂತಿನಲ್ಲಿ.

ಅಂಗಡಿಯವರು ಮಾಡಿದ್ದೇನು? ನಾನು ಮಾಡಿದ ಮರದ ಕಾಲು 'ಹಳೇ ಕಾಲದ ಥರ ಕಾಣುತ್ತೆ' ಅಂತ ಬಿಚ್ಚಿ ಮೂಲೆಗಿಟ್ಟರು. ಈಗ ಎಲ್ಲರೂ ಕೇಳುವ ಕಪ್ಪು ಕಬ್ಬಿಣದ ಫ್ರೇಮ್ ತಂದು, ಡ್ರಿಲ್ ಮಷೀನಿನಲ್ಲಿ ಎಂಟು ಸ್ಕ್ರೂ ಕಚ್ಚಿಸಿ ಬಿಗಿದರು. ಗುಂಡು ತೂತು, ದಪ್ಪ ಕಬ್ಬಿಣ. ನನಗೆ ಒಂದು ಮಾತು ಕೇಳಲಿಲ್ಲ. ಸಾಲದ್ದಕ್ಕೆ ಮೇಜನ್ನು ಎಸಿ ಗಾಳಿ ನೇರ ಬೀಸುವ ಕಡೆ ಇಟ್ಟರು. ಮರ ಕುಗ್ಗಲು ನೋಡಿತು, ಕಬ್ಬಿಣ ಬಿಡಲಿಲ್ಲ. ಬಲಗಡೆ ತುದಿಯಿಂದ ಒಳಕ್ಕೆ ಗೇಣುದ್ದ ಬಿರುಕು ಬಿಟ್ಟಿತು, ಒಂದು ರೂಪಾಯಿ ನಾಣ್ಯ ನೆಟ್ಟಗೆ ನಿಲ್ಲಿಸುವಷ್ಟು ಅಗಲ.

'ಸರ್, ನಿಮ್ಮ ಮರ ಹಸಿ ಇತ್ತು, ಅರ್ಧ ರೇಟಿಗೆ ಬಿಡ್ತೀವಿ' ಅಂತ ಫೋನ್ ಬಂತು. ಹೋಗಿ ಮಗುಚಿ ನೋಡಿದರೆ ಕೆಳಗೆ ಎಲ್ಲವೂ ಕಾಣುತ್ತಿತ್ತು. ಒಂದೊಂದು ಸ್ಕ್ರೂವಿನ ಸುತ್ತಲೂ ಮರದ ನಾರು ಒಂದೇ ಕಡೆಗೆ ಜಜ್ಜಿಹೋಗಿತ್ತು, ಎಳೆದಾಟ ನಡೆದ ಗುರುತು. ಸ್ಕ್ರೂ ಬಿಚ್ಚಿದ ಕೂಡಲೇ 'ಟಕ್' ಅಂತ ಸದ್ದು ಮಾಡಿ ಹಲಗೆ ಸಡಿಲಾಯಿತು. ಅವರಿಗೆ ಇದನ್ನು ತೋರಿಸಿದೆ. 'ನಮ್ಮ ಎಲ್ಲ ಟೇಬಲ್ಲಿಗೂ ಹೀಗೇ ಹಾಕೋದು' ಅಂದರು. ಅವರ ಎಲ್ಲ ಟೇಬಲ್ಲೂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪ್ಲೈವುಡ್. ಅವು ಮರದಷ್ಟು ಕುಗ್ಗೋದಿಲ್ಲ, ಹಿಗ್ಗೋದಿಲ್ಲ. ಮರ ಗೊತ್ತಿಲ್ಲದವರ ಕೈಗೆ ಮರ ಕೊಟ್ಟರೆ ನಮ್ಮ ಹೆಸರು ಹಾಳಾಗುತ್ತದೆ, ಅವರದ್ದಲ್ಲ. ನನಗೆ ನಷ್ಟಕ್ಕಿಂತ ಹೆಚ್ಚು ನೋವಾದದ್ದು ಇದರಿಂದ.

ಲೆಕ್ಕದಲ್ಲೂ ಶೋರೂಂ ದುಬಾರಿ. ನನ್ನ ಕೈಗೆ ಮೂವತ್ತು ಸಾವಿರ ಬರಬೇಕಾದರೆ ಅವರು 43,000 ಹಾಕಬೇಕು, ಅದರ ಮೇಲೆ ಪೀಠೋಪಕರಣದ 18 ಪರ್ಸೆಂಟ್ ಜಿಎಸ್‌ಟಿ 7,740. ಕೊಳ್ಳುವವರು 50,740 ಎಣಿಸಬೇಕು. ಅದೇ ಮೇಜನ್ನು ನಾನು ಹೋಂಸ್ಟೇ ಮೂಲಕ 34,000ಕ್ಕೆ ಕೊಟ್ಟು, ಹತ್ತು ಪರ್ಸೆಂಟ್ ಅಂದರೆ 3,400 ಹೋಂಸ್ಟೇ ನಡೆಸುವವರಿಗೆ ಕೊಟ್ಟರೂ ನನಗೆ 30,600 ಉಳಿಯುತ್ತದೆ. ವರ್ಷದ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಗಿಂತ ಎಷ್ಟೋ ಕೆಳಗಿರುವ ನನ್ನಂಥವರಿಗೆ ಈ ವ್ಯತ್ಯಾಸ ದೊಡ್ಡದು. ಬೆಂಗಳೂರಿಗೆ ಪಿಕಪ್ ಬಾಡಿಗೆ ಕೊಳ್ಳುವವರದ್ದೇ. ಅದನ್ನು ಸೇರಿಸಿದರೂ ಅವರಿಗೆ ಲಾಭವೇ.

ಹೋಂಸ್ಟೇ ವ್ಯವಸ್ಥೆ ಸರಳ. ಮಡಿಕೇರಿ ಹತ್ತಿರದ ಗಾಳಿಬೀಡು ಕಡೆ ಪರಿಚಯದ ಅಕ್ಕ ಒಬ್ಬರು ತೋಟದ ಮನೆಯಲ್ಲಿ ನಾಲ್ಕು ಕೋಣೆ ನಡೆಸುತ್ತಾರೆ. ಈಗ ಬರುವವರಲ್ಲಿ ಶನಿವಾರ ಬಂದು ಭಾನುವಾರ ಹೋಗುವವರಷ್ಟೇ ಇಲ್ಲ. ಲ್ಯಾಪ್‌ಟಾಪ್ ತಂದು ವಾರಗಟ್ಟಲೆ ಇಲ್ಲಿಂದಲೇ ಆಫೀಸು ಮಾಡುವವರೂ ಇದ್ದಾರೆ. ಅವರಿಗೆ ಕೂತು ಕೆಲಸ ಮಾಡೋದಕ್ಕೆ ಮೇಜು ಬೇಕು, ಅಕ್ಕನಿಗೆ ಮೇಜು ಕೊಳ್ಳುವ ಖರ್ಚು ಬೇಡ. ನಾನು ಕಿಟಕಿ ಪಕ್ಕ ಮೇಜು ಹಾಕಿಕೊಟ್ಟೆ. ಕೆಳಗೆ ನನ್ನ ಹೆಸರು, ನಂಬರಿನ ಚೀಟಿ. ಅಷ್ಟೇ.

ಐದು ದಿನ ಒಂದೇ ಮೇಜಿನ ಮೇಲೆ ಮೊಣಕೈ ಊರಿ ಕೂತವರಿಗೆ ನಾನು ವಿವರಿಸಬೇಕಾದ್ದು ಬಹಳ ಕಡಿಮೆ. ಅಂಚಿನ ಉಬ್ಬುತಗ್ಗಿನ ಮೇಲೆ ಅವರ ಬೆರಳು ಎಷ್ಟು ಸಲ ಓಡಾಡಿರುತ್ತದೋ. ಎತ್ತರ ಸರಿಯಾಗಿದೆಯಾ, ಕಾಲು ತಾಗುತ್ತಾ, ಬೆಳಕಿಗೆ ಹೇಗೆ ಕಾಣುತ್ತೆ, ಎಲ್ಲ ಗೊತ್ತಿರುತ್ತದೆ. ಚೌಕಾಸಿಯೂ ಮಾಡೋದಿಲ್ಲ. ಅವರು ಕೇಳೋದು 'ಇದನ್ನೇ ಕೊಡ್ತೀರಾ?' ಅಂತ. ಇಂಥದ್ದು ಇನ್ನೊಂದು ಅಲ್ಲ, ಇದೇ. ಮರದಲ್ಲಿ ಇನ್ನೊಂದು ಅಂತ ಇರೋದೂ ಇಲ್ಲ ಬಿಡಿ.

ಬಿರುಕು ಬಿಟ್ಟು ವಾಪಸ್ ಬಂದ ಆ ಹಲಸಿನ ಮೇಜೂ ಮಾರಾಟವಾದದ್ದು ಇಲ್ಲೇ. ಬಿರುಕಿಗೆ ಅಡ್ಡಲಾಗಿ ಹೆಬ್ಬಲಸಿನ ಎರಡು ಬಟರ್‌ಫ್ಲೈ ಕೀ (ಬಿರುಕು ಅಗಲವಾಗದಂತೆ ಹಿಡಿಯುವ, ಚಿಟ್ಟೆಯಾಕಾರದ ಮರದ ತುಂಡು) ಕೂರಿಸಿ, ನನ್ನ ಹಳೇ ಕಾಲು ಹಾಕಿ ಅಕ್ಕನ ಮನೆಯಲ್ಲಿಟ್ಟೆ. ಕೊಳ್ಳಲು ಬಂದವರು ಬಿರುಕಿನ ಬಗ್ಗೆ ಕೇಳಿದಾಗ ಇಬ್ಬರೂ ಸೇರಿ ಮೇಜು ಮಗುಚಿದೆವು. ಉದ್ದ ತೂತು ತೋರಿಸಿದೆ, ಜಜ್ಜಿದ ನಾರು ತೋರಿಸಿದೆ. ತಾವೇ ಬಗ್ಗಿ ಸ್ಕ್ರೂ ಅಲ್ಲಾಡಿಸಿ ನೋಡಿ ಒಪ್ಪಿಕೊಂಡರು. ಶೋರೂಮಿನಲ್ಲಿ ಈ ಮಾತುಕತೆಗೆ ಜಾಗವೇ ಇಲ್ಲ.

ತೊಂದರೆ ಇಲ್ಲ ಅಂತಲ್ಲ. ಬಿಸಿ ಕಾಫಿ ಲೋಟ ಇಟ್ಟು ಬಿಳಿ ಉಂಗುರ ಮಾಡುತ್ತಾರೆ. ನಾನು ಅಗಸೆ ಎಣ್ಣೆ, ಜೇನುಮೇಣ ಹಚ್ಚೋದರಿಂದ ಉಜ್ಜಿ ಮತ್ತೆ ಹಚ್ಚಬಹುದು. ಪಿಯು (ಪಾಲಿಯುರಿಥೇನ್) ಪಾಲಿಶ್ ಬಳಿದ ಮೇಜಾದರೆ ಇಷ್ಟು ಸುಲಭವಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅಡಿಭಾಗಕ್ಕೆ ಬೂಷ್ಟು ಬರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಬಿಡಬೇಕು. ಅಂಚಿನ ಬಿಳಿಮರಕ್ಕೆ (ತೊಗಟೆಯ ಒಳಗಿನ ತಿಳಿಬಣ್ಣದ ಮರಕ್ಕೆ) ಕುಟ್ಟೆ ಹುಳು ಬೀಳೋದೇ ದೊಡ್ಡ ಹೆದರಿಕೆ. ಅದಕ್ಕೆ ತೊಗಟೆ ಪೂರ್ತಿ ಬಿಡಿಸಿ, ಬೋರಾಕ್ಸ್-ಬೋರಿಕ್ ಆಸಿಡ್ ನೀರು ಕುಡಿಸಿಯೇ ಎಣ್ಣೆ ಹಚ್ಚಬೇಕು. ತೊಗಟೆ ಉಳಿಸಿದರೆ ಚೆಂದ ಅಂತ ಕೆಲವರು ಕೇಳುತ್ತಾರೆ, ನಾನು ಒಪ್ಪೋದಿಲ್ಲ.

ಅಕ್ಕನದ್ದೂ ಒಂದು ಷರತ್ತು ಇದೆ: 'ಮೇಜು ಹೋದ ದಿನವೇ ಇನ್ನೊಂದು ಬರಬೇಕು ನೋಡು, ಕೋಣೆ ಖಾಲಿ ಬಿಡೋಕಾಗಲ್ಲ.' ಹಾಗಾಗಿ ಯಾವಾಗಲೂ ಒಂದು ಮೇಜು ತಯಾರಿಟ್ಟಿರಬೇಕು, ಅಷ್ಟು ದುಡ್ಡು ಶೆಡ್ಡಿನಲ್ಲಿ ಕೂತಿರುತ್ತದೆ. ನಾನು ಒಬ್ಬನೇ ನಿಧಾನಕ್ಕೆ ಮಾಡುವವನು, ಸಾಲ ಮಾಡಿಲ್ಲ, ನನಗೆ ನಡೆಯುತ್ತದೆ. ಆಳು ಇಟ್ಟು ತಿಂಗಳಿಗೆ ಹತ್ತು ಮೇಜು ತೆಗೆಯುವವರಿಗೆ ಒಂದು ಹೋಂಸ್ಟೇ ಸಾಲದು, ಅವರು ಶೋರೂಮಿಗೇ ಹೋಗಬೇಕಾಗುತ್ತದೆ. ಹೋಗುವುದಾದರೆ ಕಾಲು ಬದಲಿಸಬಾರದು, ಎಸಿ ಎದುರು ಇಡಬಾರದು ಅಂತ ಬರೆಸಿಕೊಂಡು ಸಹಿ ಹಾಕಿಸಿ. ಬಾಯಿಮಾತು ಬೇಡ.

ಹೋಂಸ್ಟೇಗೆ ಇಡುವವರು ದಸರಾ ರಜೆಗೆ ಮೊದಲೇ ಇಡಿ. ಆಗ ಇಟ್ಟದ್ದನ್ನು ಜನವರಿಯೊಳಗೆ ಬಹಳ ಮಂದಿ ನೋಡಿರುತ್ತಾರೆ. ಕಾಫಿ ಕೊಯ್ಲು ಜೋರಾದ ಮೇಲೆ ಪಿಕಪ್ ಸಿಗೋದಿಲ್ಲ, ಮೇಜು ಎತ್ತಲು ಇನ್ನೊಬ್ಬ ಆಳೂ ಸಿಗೋದಿಲ್ಲ. ಹಲಗೆ ಒಂದೇ ಇಪ್ಪತ್ತೆಂಟು ಕಿಲೋ ತೂಗುತ್ತದೆ. ಆ ದಿನಗಳಲ್ಲಿ ಕೇಳಿದವರಿಂದ ಅಡ್ವಾನ್ಸ್ ತಗೊಂಡು, ಕೊಯ್ಲು ಮುಗಿದ ಮೇಲೆ ತಲುಪಿಸುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯವರೆಗೆ ಯಾರೂ ಬೇಡ ಅಂದಿಲ್ಲ.