ಸ್ಟಾರ್ ಟ್ರೆಕ್ ನೆಕ್ಸ್ಟ್ ಜನರೇಷನ್: ಹೊಟ್ಟೆ ತುಂಬಿದವರ ವೇದಾಂತ

ಅಮೆರಿಕದ ಟಿವಿ ಸರಣಿ; 1987ರಿಂದ 1994ರವರೆಗೆ ಏಳು ಸೀಸನ್, 178 ಕಂತು. ಕಥೆ ನಡೆಯುವುದು 24ನೇ ಶತಮಾನದಲ್ಲಿ. ಆ ಹೊತ್ತಿಗೆ ಭೂಮಿಯ ಮನುಷ್ಯ ಹಸಿವು, ದುಡ್ಡಿನಾಸೆ ಎಲ್ಲವನ್ನೂ ಗೆದ್ದಿದ್ದಾನಂತೆ. ಹೇಗೆ ಗೆದ್ದ ಅಂತ ಮಾತ್ರ ಕೇಳಬೇಡಿ.

ಮೊದಲ ಸೀಸನ್ನಿನ ಕೊನೆಯ ಕಂತು 'ದ ನ್ಯೂಟ್ರಲ್ ಝೋನ್'ನಲ್ಲಿ 20ನೇ ಶತಮಾನದ ಹಣದ ಕುಳವೊಂದು ದೇಹ ಹೆಪ್ಪುಗಟ್ಟಿಸಿಟ್ಟಿದ್ದ ಶೀತಪೆಟ್ಟಿಗೆಯಿಂದ ಎದ್ದು ತನ್ನ ಆಸ್ತಿ ಏನಾಯಿತು ಎಂದು ಹುಡುಕುತ್ತದೆ. ವಸ್ತು ಕೂಡಿಡುವ ಬಾಲ್ಯವನ್ನು ನಾವು ದಾಟಿದ್ದೇವೆ ಎಂದು ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಪಾಠ ಹೇಳುತ್ತಾನೆ. ಕೇಳಿದ್ದನ್ನೆಲ್ಲ ತಟ್ಟೆಗೆ ತಂದಿಡುವ ರೆಪ್ಲಿಕೇಟರ್ ಇದ್ದ ಮೇಲೆ ದುರಾಸೆ ಬಿಡುವುದು ದೊಡ್ಡ ಸಾಧನೆಯೇ? ರೆಪ್ಲಿಕೇಟರ್‌ನಿಂದ ಬಾರದ್ದೂ ಉಂಟು, ನೆಲ. ನಾಲ್ಕನೇ ಸೀಸನ್ನಿನ 'ಫ್ಯಾಮಿಲಿ' ಕಂತಿನಲ್ಲಿ ಫ್ರಾನ್ಸ್‌ನ ದ್ರಾಕ್ಷಿ ತೋಟ ಪಿಕಾರ್ಡ್ ಮನೆತನದ್ದೇ, ನೋಡಿಕೊಳ್ಳುವವನು ಅಣ್ಣ ರಾಬರ್ಟ್. ದುಡ್ಡಿಲ್ಲದ ಲೋಕದಲ್ಲಿ ಆ ಜಮೀನು ಇವರಿಗೇ ಯಾಕೆ, ಪಕ್ಕದ ಊರಿನವನಿಗೆ ಬೇಕಾದರೆ ಯಾರನ್ನು ಕೇಳಬೇಕು? ಸರಣಿ ಆ ಕಡೆ ತಿರುಗಿಯೂ ನೋಡುವುದಿಲ್ಲ.

ನಾಯಕ ಪಾತ್ರಗಳ ನಡುವೆ ಮನಸ್ತಾಪ ಇರಕೂಡದು ಎಂಬುದು ಸೃಷ್ಟಿಕರ್ತ ಜೀನ್ ರಾಡನ್‌ಬೆರಿಯ ಕಟ್ಟಳೆ. ಬರೆಯುವವರಿಗೆ ಅದೇ ಕೈಕೋಳ: ಜಗಳ ಒಳಗಿಲ್ಲವೆಂದ ಮೇಲೆ ಹೊರಗಿನಿಂದಲೇ ತರಬೇಕು. ಹಾಗಾಗಿ ವಾರಕ್ಕೊಂದು ಹಿಂದುಳಿದ ಗ್ರಹ, ವಾರಕ್ಕೊಂದು ಉಪದೇಶ. ತಾಯಿ ಸತ್ತ ಹುಡುಗನ ಕಥೆ 'ದ ಬಾಂಡಿಂಗ್'ಗೂ ರಾಡನ್‌ಬೆರಿ ಅಡ್ಡ ಹಾಕಿದ್ದರು. ಆ ಕಾಲದ ಮಕ್ಕಳು ಸಾವಿಗೆ ಅಳುವುದಿಲ್ಲವಂತೆ. ಹುಡುಗ ದುಃಖವನ್ನು ನುಂಗಿಕೊಂಡಿದ್ದಾನೆ ಎಂದು ತಿದ್ದಿದ ಮೇಲೆಯೇ ಕಥೆಗೆ ಜೀವ ಬಂತು.

ನಿಜಕ್ಕೂ ಹೊಟ್ಟೆ ಉರಿಸುವುದು ಪ್ರೈಮ್ ಡೈರೆಕ್ಟಿವ್. ಹಿಂದುಳಿದ ನಾಗರಿಕತೆಗಳ ಬದುಕಿನಲ್ಲಿ ಕೈಹಾಕಬಾರದು ಎಂಬುದು ಮೂಲದಲ್ಲಿ ಒಳ್ಳೆಯ ನಿಯಮವೇ. ಏಳನೇ ಸೀಸನ್ನಿನ 'ಹೋಮ್‌ವರ್ಡ್'ಗೆ ಬರುವಷ್ಟರಲ್ಲಿ ಅದು ಮಡಿಯಾಗಿದೆ. ಬೊರಾಲ್ ಗ್ರಹದ ವಾತಾವರಣ ಕರಗುತ್ತಿದೆ, ಜನರಲ್ಲಿ ಕೆಲವರನ್ನಾದರೂ ಉಳಿಸುವ ಯಂತ್ರ ಮೇಲಿನ ಹಡಗಿನಲ್ಲಿದೆ. ಪಿಕಾರ್ಡ್ ಮತ್ತವನ ಸಿಬ್ಬಂದಿ ಗಂಭೀರ ಮುಖ ಹಾಕಿಕೊಂಡು ಪರದೆಯಲ್ಲಿ ಆ ಸಾವನ್ನು ನೋಡುತ್ತಾ ನಿಲ್ಲುತ್ತಾರೆ. ಒಂದು ಊರಿನ ಜನರನ್ನು ಕದ್ದು ಹಡಗಿಗೆ ತಂದು ಉಳಿಸಿದ, ಅಧ್ಯಯನಕ್ಕೆಂದು ಆ ಗ್ರಹದಲ್ಲಿದ್ದ ನಿಕೊಲಾಯ್‌ಗೇ ಬೈಗುಳ! ಯಾರ ಸಂಸ್ಕೃತಿ ಕೆಡಬಾರದೆಂದು ನಿಯಮವೋ ಅವರೇ ಉಳಿಯದಿದ್ದರೆ ಅದು ಕಾಯುವುದು ಯಾರನ್ನು?

ಹಾಗೆಂದು ಬಿಟ್ಟುಬಿಡುವ ಸರಣಿಯಲ್ಲ. ಮೊದಲ ಸೀಸನ್ ಹಾರಿಸಿ, ಎರಡನೆಯದರ 'ದ ಮೆಷರ್ ಆಫ್ ಎ ಮ್ಯಾನ್'ನಿಂದ ಶುರುಮಾಡಿ, ನೇರ ಮೂರಕ್ಕೆ ಹೋಗಿ. ಆ ಕಂತಿನಲ್ಲಿ ಆದರ್ಶಕ್ಕೆ ಎದುರಾಳಿ ಒಳಗಿನವರೇ. ಹಡಗಿನ ಸಿಬ್ಬಂದಿಯಲ್ಲೊಬ್ಬನಾದ ಯಂತ್ರಮಾನವ ಡೇಟಾ, ಹಡಗು ನಡೆಸುವ ಸಂಸ್ಥೆ ಸ್ಟಾರ್‌ಫ್ಲೀಟ್‌ನ ಸ್ವತ್ತೋ, ಅಲ್ಲವೋ ಎಂಬ ವಿಚಾರಣೆಯಲ್ಲಿ ಅವನ ವಿರುದ್ಧ ವಾದಿಸಬೇಕಾದವನು ಗೆಳೆಯ ರೈಕರ್; ಒಲ್ಲೆನೆಂದರೆ ಡೇಟಾ ಸ್ವತ್ತೆಂದೇ ತೀರ್ಪು. ಡೇಟಾನ ವಿನ್ಯಾಸದ ವಿವರ ಓದುತ್ತಾ ರೈಕರ್‌ಗೆ ಅವನನ್ನು ಆಫ್ ಮಾಡುವ ಗುಂಡಿ ಸಿಗುತ್ತದೆ. ಗೆಲ್ಲುವ ದಾರಿ ಕಂಡು ಮೊದಲು ನಗುತ್ತಾನೆ. ಮರುಕ್ಷಣ ಆ ನಗು ಇಳಿದುಹೋಗುತ್ತದೆ.