ಮಳೆನೀರಿನ ಫಿಲ್ಟರ್: ಮೂರು ಮಳೆಗಾಲ ಕಳೆದ ಮೇಲೆ

ಕಾಸರಗೋಡು ಪೇಟೆಯಲ್ಲಿ ನಾವು ಬಾಡಿಗೆಗಿರುವ ಫ್ಲ್ಯಾಟಿನ ಟೆರೇಸಿನ ನೀರೆಲ್ಲ ಪೈಪಿನಲ್ಲಿ ಇಳಿದು, ಫಿಲ್ಟರ್ ದಾಟಿ, ಹಿಂದಿನ ಬಾವಿಗೆ ಬೀಳುತ್ತದೆ. ಫಿಲ್ಟರ್ ತುಂಬ ಒಳ್ಳೆಯದು. ಅದನ್ನು ಕೂರಿಸಿದ ಜಾಗ ಮಾತ್ರ ತಪ್ಪು.

ಜೂನ್‌ನ ಮೊದಲ ಮಳೆ ಬಂದರೆ ನಾನು ಕೊಡೆ ಹಿಡಿದು ಕೆಳಗೆ ಓಡುತ್ತೇನೆ. ಆ ನೀರಿನಲ್ಲಿ ಧೂಳು, ಕಾಗೆ ಹಿಕ್ಕೆ, ಮಾವಿನೆಲೆ ಎಲ್ಲ ಇರುತ್ತದೆ ಅಲ್ವಾ, ಅದನ್ನು ಹೊರಗೆ ಬಿಡಲು ಕೆಳಗೊಂದು ವಾಲ್ವ್ ಇದೆ. ಬೊಗಸೆಯಲ್ಲಿ ಹಿಡಿದರೆ ಕೈಗೆರೆ ಕಾಣುವಷ್ಟು ತಿಳಿಯಾದ ಮೇಲೆ ಬಾವಿಗೆ ತಿರುಗಿಸುತ್ತೇನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿ, ಇಳಿಯಲು ಗೋಡೆಯಲ್ಲಿ ಗುಳಿ ಕೊರೆದಿದ್ದಾರೆ. ಮೇ ಕೊನೆಗೆ 14 ಗುಳಿ ಒಣಗಿ ಕಾಣುತ್ತವೆ, ಜುಲೈಯಲ್ಲಿ ಮೂರೇ. ಕೆಲಸದಿಂದ ಬಂದವಳು ಮೆಟ್ಟಿಲು ಹತ್ತುವ ಮೊದಲು ಇಣುಕಿ ಅವನ್ನು ಎಣಿಸಲೇಬೇಕು.

1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಟೆರೇಸ್ 200 ಚದರ ಮೀಟರ್, ಊರಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. 6 ಲಕ್ಷ ಲೀಟರ್! ಆದರೂ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಮುರಕಲ್ಲು ತೂತು ತೂತಾದ ಕಲ್ಲು, ನೀರನ್ನು ಬೇಗ ಕುಡಿದು ಅಷ್ಟೇ ಬೇಗ ಇಳಿಜಾರಿಗೆ ಬಿಟ್ಟುಬಿಡುತ್ತದೆ. ಬಾವಿಯ ಜೊತೆಗೆ ನೆಲದಡಿ ಒಂದು ದೊಡ್ಡ ಟ್ಯಾಂಕ್ ಕಟ್ಟಬೇಕಿತ್ತು. ಆದರೆ ಮೊದಲು ಮಾರ್ಚ್‌ಗೇ ಬರುತ್ತಿದ್ದ ಟ್ಯಾಂಕರ್ ಈಗ ಏಪ್ರಿಲ್ ಕೊನೆಗೆ ಬರುತ್ತದೆ, ನನ್ನ ಸಂಬಳಕ್ಕೆ ಅದು ದೊಡ್ಡ ಉಳಿತಾಯ.

ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಒಳಗಿನ ಜಾಲರಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆಯಬೇಕು. ಫಿಲ್ಟರ್ ಇರುವುದು ಹತ್ತಡಿ ಮೇಲೆ, ಕಾರು ನಿಲ್ಲಿಸುವ ಜಾಗದ ಗೋಡೆಯಲ್ಲಿ. ಏಣಿ ಬೇಕು, ಏಣಿ ಹಿಡಿಯಲು ಇನ್ನೊಬ್ಬರು ಬೇಕು. ಕಳೆದ ಜುಲೈಯಲ್ಲಿ ಜ್ವರ ಬಂದು ಎರಡು ವಾರ ತೊಳೆಯಲಿಲ್ಲ. ಎಲೆ ಕಟ್ಟಿಕೊಂಡು, ಇಡೀ ರಾತ್ರಿ ಸುರಿದ ಮಳೆಯೆಲ್ಲ ಹೊರಗೆ ಉಕ್ಕಿ ಚರಂಡಿ ಸೇರಿತು. ಬೆಳಿಗ್ಗೆ ನೋಡಿ ಅಳುವೇ ಬಂತು. ಕೂರಿಸಿದವರಿಗೆ ಫೋನ್ ಮಾಡಿದರೆ, "ಸುಮ್ನೆ ಇರಿ ಅಕ್ಕ, ಮಳೆ ಇನ್ನೂ ಇದೆಯಲ್ಲ" ಅಂದರು. ಏಪ್ರಿಲ್‌ನಲ್ಲಿ ಕೊಡ ಹಿಡಿದು ಸಾಲಲ್ಲಿ ನಿಂತವರು ಹಾಗೆ ಹೇಳುವುದಿಲ್ಲ.

ಹಾಗಂತ ತೆಗೆಸಿಬಿಡಿ ಅಂದರೆ ನಾನು ಒಪ್ಪುವುದಿಲ್ಲ. ಹಿಂದೆ ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆ ಬತ್ತಿದಾಗ ಸಮುದ್ರದ ನೀರು ಮೇಲೇರಿ, ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು. ಆ ನೀರಲ್ಲಿ ಚಹಾ ಮಾಡಿದರೆ ಹಾಲು ಒಡೆಯುತ್ತಿತ್ತು. ಈಗ ಅಮ್ಮ ಬಾವಿ ನೀರಲ್ಲೇ ಚಹಾ ಇಡುತ್ತಾರೆ, ಒಂದು ಲೋಟ ಜಾಸ್ತಿಯೇ ಕುಡಿಯುತ್ತಾರೆ.

ಹಾಕಿಸುವವರು ಫಿಲ್ಟರನ್ನು ಎದೆಮಟ್ಟಕ್ಕೆ ಕೂರಿಸಲು ಹೇಳಿ, ಪೈಪ್ ಇಳಿಸುವ ಮೊದಲೇ ಹೇಳಿ. ನಮ್ಮದನ್ನು ಕೆಳಗಿಳಿಸಲು ಅರ್ಧ ದುಡ್ಡು ನಾನು ಕೊಡುತ್ತೇನೆ ಎಂದು ಓನರ್‌ಗೆ ಹೇಳಿದ್ದೇನೆ.