ಪ್ರೋಟೀನ್ ಡೇಟಾ ಬ್ಯಾಂಕ್: ಜೀವಕೋಶದ ಪಾಠ ಮಾಡುವವರು ಒಮ್ಮೆ ತೆರೆದು ನೋಡಲೇಬೇಕಾದ ಜಾಲತಾಣ

ದುಡ್ಡು ಕೊಡಬೇಕಿಲ್ಲ. ಲಾಗಿನ್ ಬೇಕಿಲ್ಲ. ಸಾಫ್ಟ್‌ವೇರ್ ಹಾಕಿಕೊಳ್ಳುವ ಕೆಲಸವೂ ಇಲ್ಲ, ಬ್ರೌಸರ್ ಇದ್ದರೆ ಸಾಕು. ಪ್ರೋಟೀನ್‌ಗಳ ಮೂರು ಆಯಾಮದ ರಚನೆಗಳನ್ನೆಲ್ಲ ಒಂದೇ ಕಡೆ ಕೂಡಿಟ್ಟಿರುವ ಜಾಗ ಈ ಪ್ರೋಟೀನ್ ಡೇಟಾ ಬ್ಯಾಂಕ್. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಬರೀ 7 ರಚನೆಗಳಿಂದ ಶುರುವಾಯಿತು. ಈಗ 2 ಲಕ್ಷಕ್ಕೂ ಜಾಸ್ತಿ ಇವೆ. ಮಾಡಿದ್ದು ಸಂಶೋಧಕರಿಗಾಗಿ. ನಾನು ಸಾಗರದ ಕಡೆ ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವಳು. ಹಾಗಾಗಿ ಪಾಠಕ್ಕೆ ಇದು ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಜೀವಕೋಶ ಶಕ್ತಿಯನ್ನು ಹೇಗೆ ತಯಾರಿಸಿಕೊಳ್ಳುತ್ತದೆ ಅನ್ನುವುದು ಒಂದು ಅಧ್ಯಾಯ. ಪ್ರೋಟೀನ್‌ಗಳು ತಮ್ಮ ತಮ್ಮ ಜಾಗಕ್ಕೆ ಹೇಗೆ ಹೋಗಿ ಸೇರುತ್ತವೆ ಅನ್ನುವುದು ಇನ್ನೆಲ್ಲೋ ಎರಡು ಸಾಲು. ನಮ್ಮ ಮಕ್ಕಳು ಇವೆರಡನ್ನೂ ಬೇರೆ ಬೇರೆಯಾಗಿಯೇ ಓದುತ್ತಾರೆ. ಆದರೆ ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ. ಅದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಲು ನನಗೆ ದಾರಿ ಕೊಟ್ಟಿದ್ದು ಈ ಜಾಲತಾಣ.

ಮೊದಲು ಎಟಿಪಿ ಸಿಂಥೇಸ್. ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ ಎಟಿಪಿ, ಅದನ್ನು ತಯಾರಿಸುವ ಪ್ರೋಟೀನ್ ಯಂತ್ರ ಇದು. ಪುಸ್ತಕದ ಚಿತ್ರದಲ್ಲಿ ಅದು ಒಂದು ಗುಂಡು, ಅದರ ಕೆಳಗೊಂದು ಕಡ್ಡಿ, ಎಫ್0 ಮತ್ತು ಎಫ್1 ಅಂತ ಎರಡು ಹೆಸರು. ನಮ್ಮೂರ ಮಕ್ಕಳಿಗೆ ಲಿಂಗನಮಕ್ಕಿ ಗೊತ್ತು. ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಇಳಿಯುವಾಗ ಟರ್ಬೈನ್ ತಿರುಗುತ್ತದೆ. ಮೈಟೋಕಾಂಡ್ರಿಯಾದ ಒಳಪೊರೆಯ ಆಚೆ ಸೇರಿಕೊಂಡ ಪ್ರೋಟಾನ್‌ಗಳು ಈಚೆ ಇಳಿಯುವಾಗ ಸಿಂಥೇಸ್‌ನ ಉಂಗುರವೂ ಹಾಗೇ ತಿರುಗುತ್ತದೆ ಅಂದರೆ ತಕ್ಷಣ ಅರ್ಥವಾಗುತ್ತದೆ. ಆದರೆ ಲೆಕ್ಕ ಅಷ್ಟರಿಂದ ಬರುವುದಿಲ್ಲ. ಲೆಕ್ಕಕ್ಕೆ ರಚನೆಯೇ ಬೇಕು.

ಹುಡುಕುವ ಜಾಗದಲ್ಲಿ 2ಎಕ್ಸ್‌ಎನ್‌ಡಿ ಎಂಬ ಸಂಖ್ಯೆ ಕೊಡಿ. ದನದ ಮೈಟೋಕಾಂಡ್ರಿಯಾದ ಸಿಂಥೇಸ್ ಬರುತ್ತದೆ. ಪಕ್ಕದಲ್ಲೇ ಇರುವ ಮೋಲ್‌ಸ್ಟಾರ್ ಎಂಬ ವೀಕ್ಷಕದಲ್ಲಿ ತೆರೆದು, ಮೌಸ್‌ನಲ್ಲಿ ಎಳೆದು, ಬುಡದ ಕಡೆಯಿಂದ ನೋಡಿ. ಉಂಗುರದಲ್ಲಿ 8 ತುಂಡುಗಳಿವೆ. ಈಗ 1ಕ್ಯೂಒ1 ತೆರೆಯಿರಿ. ಅದು ಯೀಸ್ಟ್‌ನದು, ಅದರಲ್ಲಿ 10. ಮಕ್ಕಳು ಪರದೆಯ ಹತ್ತಿರ ಬಂದು ತಾವೇ ಎಣಿಸುತ್ತಾರೆ. ಉಂಗುರ ಒಂದು ಸುತ್ತು ಬಂದರೆ 3 ಎಟಿಪಿ. ಒಂದು ಸುತ್ತಿಗೆ ಎಷ್ಟು ತುಂಡುಗಳಿವೆಯೋ ಅಷ್ಟು ಪ್ರೋಟಾನ್ ಬೇಕು. ಅಂದರೆ ದನದಲ್ಲಿ ಒಂದು ಎಟಿಪಿಗೆ ಸುಮಾರು 2.7 ಪ್ರೋಟಾನ್, ಯೀಸ್ಟ್‌ನಲ್ಲಿ 3.3. ಎಟಿಪಿಯ ಕಚ್ಚಾವಸ್ತುಗಳಾದ ಎಡಿಪಿ, ಫಾಸ್ಫೇಟ್ ಒಳಗೆ ತಂದು ಎಟಿಪಿ ಹೊರಗೆ ಕಳಿಸುವ ಖರ್ಚು ಬೇರೆ, ಅದಕ್ಕೆ ಸುಮಾರು ಇನ್ನೊಂದು. ಒಂದು ಗ್ಲೂಕೋಸ್‌ಗೆ 38 ಎಟಿಪಿ ಅಂತ ಬಾಯಿಪಾಠ ಮಾಡಿದವರಿಗೆ, ಈಗಿನ ಲೆಕ್ಕ ಯಾಕೆ 30ರಿಂದ 32ರ ಆಸುಪಾಸಿಗೆ ಇಳಿದಿದೆ ಎಂಬುದು ಇಲ್ಲಿ ಗೊತ್ತಾಗಲು ಶುರುವಾಗುತ್ತದೆ. (ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉತ್ತರವನ್ನೇ ಬರೆಯಿರಿ ಅಂತ ನಾನು ಹೇಳಿಯೇ ಹೇಳುತ್ತೇನೆ.)

ಹೀಗೆ ಒಮ್ಮೆ ತೋರಿಸುವಾಗ ಒಬ್ಬ ಹುಡುಗಿ ಕೇಳಿದಳು, "ಮೇಡಂ, ಮೈಟೋಕಾಂಡ್ರಿಯಾಕ್ಕೆ ಸ್ವಂತ ಡಿಎನ್‌ಎ ಇದೆ ಅಲ್ವಾ? ಹಾಗಾದ್ರೆ ಇದನ್ನೆಲ್ಲ ಅಲ್ಲೇ ಮಾಡಿಕೊಳ್ಳುತ್ತಾ?" ಬಹಳ ಒಳ್ಳೆಯ ಪ್ರಶ್ನೆ. ಉತ್ತರ, ಇಲ್ಲ. ಮನುಷ್ಯರ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ 37 ಜೀನ್‌ಗಳಿವೆ. ಅವುಗಳಿಂದ ಬರುವುದು 13 ಪ್ರೋಟೀನ್ ಮಾತ್ರ. ಎಟಿಪಿ ಸಿಂಥೇಸ್‌ನಲ್ಲೇ ಅಂಥವು ಎರಡು. ಉಳಿದ ಭಾಗಗಳಿಗೆ ಜೀನ್ ಇರುವುದು ನ್ಯೂಕ್ಲಿಯಸ್‌ನಲ್ಲಿ. ಅವು ಹೊರಗೆ ಸೈಟೋಸಾಲ್‌ನಲ್ಲಿ, ಅಂದರೆ ಜೀವಕೋಶದ ದ್ರವದಲ್ಲಿ, ತಯಾರಾಗಿ, ಎರಡು ಪೊರೆ ದಾಟಿ ಒಳಗೆ ಬರಬೇಕು.

ಆಗ ನಾನು ತೆರೆಯುವುದು 1ಒಎಂ2. ನನಗೆ ಇಡೀ ಬ್ಯಾಂಕಿನಲ್ಲೇ ಪ್ರೀತಿಯ ರಚನೆ ಇದು. ಇಲಿಯ ಟಾಮ್20 ಎಂಬ ಪ್ರೋಟೀನ್, ಮೈಟೋಕಾಂಡ್ರಿಯಾದ ಹೊರಪೊರೆಯ ಮೇಲೆ ಇರುತ್ತದೆ. ಒಳಗೆ ಹೋಗಬೇಕಾದ ಎಷ್ಟೋ ಪ್ರೋಟೀನ್‌ಗಳ ತುದಿಯಲ್ಲಿ ಪ್ರಿಸೀಕ್ವೆನ್ಸ್ ಎಂಬ ಸಣ್ಣ ತುಂಡು ಇರುತ್ತದೆ. ಆ ತುಂಡು ಸುರುಳಿಯಾಗಿ ಟಾಮ್20ರ ಹಳ್ಳದಲ್ಲಿ ಕೂತಿರುವುದನ್ನು ಇಲ್ಲಿ ನೋಡಬಹುದು. ಸುರುಳಿಯ ಒಂದು ಮೈ ನೀರನ್ನು ದೂರ ಇಡುವಂಥದ್ದು, ಅದು ಹಳ್ಳಕ್ಕೆ ಅಂಟಿಕೊಂಡಿದೆ. ಧನ ವಿದ್ಯುದಾವೇಶ ಇರುವ ಮೈ ಹೊರಕ್ಕೆ ತಿರುಗಿದೆ. ಬಣ್ಣವನ್ನು ಹೈಡ್ರೋಫೋಬಿಸಿಟಿಗೆ (ನೀರನ್ನು ದೂರ ಇಡುವ ಗುಣಕ್ಕೆ) ಬದಲಾಯಿಸಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ಪ್ರೋಟೀನ್ ಹೊರಪೊರೆಯಲ್ಲೇ ಇರುವ ಟಾಮ್40ರ ರಂಧ್ರದಲ್ಲಿ ನುಸುಳಿ ಒಳಪೊರೆಯ ಬಾಗಿಲಾದ ಟಿಮ್23ಕ್ಕೆ ಬರುತ್ತದೆ. ಒಳಪೊರೆಯ ಒಳಗಡೆ ಋಣ, ಹೊರಗಡೆ ಧನ. ಆ ವ್ಯತ್ಯಾಸವೇ ಧನ ಆವೇಶದ ತುಂಡನ್ನು ಒಳಕ್ಕೆ ಸೆಳೆಯುತ್ತದೆ. ಉಳಿದ ಭಾಗವನ್ನು ಎಳೆದುಕೊಳ್ಳಲು ಹೆಚ್‌ಎಸ್‌ಪಿ70 ಜಾತಿಯ ಪ್ರೋಟೀನ್ ಎಟಿಪಿ ಖರ್ಚು ಮಾಡುತ್ತದೆ.

ಇಲ್ಲಿಗೆ ಬಂದಾಗ ತರಗತಿ ಸುಮ್ನಾಗುತ್ತದೆ. ಎಟಿಪಿ ಮಾಡುವ ಯಂತ್ರದ ಬಿಡಿಭಾಗಗಳು ಒಳಗೆ ಬರಲೂ ಎಟಿಪಿ ಬೇಕು. ಆ ಯಂತ್ರವನ್ನು ತಿರುಗಿಸುವ ಪ್ರೋಟಾನ್‌ಗಳಿಂದ ಹುಟ್ಟಿದ ವೋಲ್ಟೇಜೇ ಆ ಭಾಗಗಳನ್ನು ಒಳಕ್ಕೂ ಎಳೆಯುತ್ತದೆ. ಎರಡು ಪಾಠ ಒಂದಾಗುವುದು ಇಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಆಮದಿನ ಬಗ್ಗೆ ಸಂಶೋಧನೆ ನಡೆದಿದೆ ಅಂತ ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ.

ಎಟಿಪಿ ಖರ್ಚು ಮಾಡಿ ಜೀವಕೋಶದೊಳಗೆ ಸರಕು ಹೊತ್ತು ನಡೆಯುವ ಕೈನೆಸಿನ್ ಎಂಬ ಪ್ರೋಟೀನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 3ಕೆಐಎನ್‌ನಲ್ಲಿ ಅದರ ಎರಡು ತಲೆಗಳು ಕಾಣುತ್ತವೆ. ಒಂದು ಹೆಜ್ಜೆಗೆ ಒಂದು ಎಟಿಪಿ, ಹೆಜ್ಜೆ 8 ನ್ಯಾನೋಮೀಟರ್.

ಇನ್ನು ಕೊರತೆಗಳು. ಮೊದಲ ಪುಟ ಹೊಸಬರಿಗೆ ಗಾಬರಿ ಹುಟ್ಟಿಸುತ್ತದೆ. ನೇರ ಅಲ್ಲಿಗೆ ಹೋಗದೆ, ಇದೇ ಸಂಸ್ಥೆಯ ಪಿಡಿಬಿ-101 ಎಂಬ ಕಲಿಕೆಯ ವಿಭಾಗಕ್ಕೆ ಹೋಗಿ. ತಿಂಗಳಿಗೊಂದು ಅಣುವಿನ ಲೇಖನ 2000ನೇ ಇಸವಿಯಿಂದ ಅಲ್ಲಿ ಬರುತ್ತಿದೆ. ಕತ್ತರಿಸಿ ಅಂಟಿಸುವ ಕಾಗದದ ಮಾದರಿಗಳೂ ಇವೆ. ಕನ್ನಡದಲ್ಲಿ ಏನೂ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇದು ದೊಡ್ಡ ತೊಡಕು. ನಾನು ಪ್ರತಿ ರಚನೆಗೂ ಅರ್ಧ ಪುಟದ ಕನ್ನಡ ಟಿಪ್ಪಣಿ ಬರೆದು ಮೊದಲೇ ಹಂಚುತ್ತೇನೆ. ಹಂಚದಿದ್ದರೆ ಅವರು ಬಣ್ಣ ನೋಡುತ್ತಾರೆ, ಅಷ್ಟೇ. ಆ ಬಣ್ಣಗಳು ನಿಜವಾದ ಬಣ್ಣವಲ್ಲ ಅಂತಲೂ ಹೇಳಬೇಕು.

ಇನ್ನೊಂದು, ಇಲ್ಲಿರುವುದೆಲ್ಲ ನಿಂತ ರೂಪ. ಎಟಿಪಿ ಸಿಂಥೇಸ್ ತಿರುಗುತ್ತದೆ ಎಂದು ಪಾಲ್ ಬಾಯರ್ ಹೇಳಿದ್ದರು. 1994ರಲ್ಲಿ ಜಾನ್ ವಾಕರ್ ಅವರ ತಂಡ ಕೊಟ್ಟ ರಚನೆ ಅದಕ್ಕೆ ಬಲ ಕೊಟ್ಟಿತು. 1997ರಲ್ಲಿ ಇಬ್ಬರಿಗೂ ನೊಬೆಲ್ ಪಾಲು ಬಂತು. ಆದರೆ ತಿರುಗುವುದನ್ನು ಕಣ್ಣಾರೆ ತೋರಿಸಿದ್ದು ಅದೇ ವರ್ಷ ಜಪಾನಿನ ವಿಜ್ಞಾನಿಗಳು, ಹೊಳೆಯುವ ಆಕ್ಟಿನ್ ಎಳೆಯೊಂದನ್ನು ಅದಕ್ಕೆ ಅಂಟಿಸಿ. ಈ ಕಥೆಯನ್ನು ಟೀಚರೇ ಹೇಳಬೇಕು, ಚಿತ್ರ ಹೇಳುವುದಿಲ್ಲ.

ಬೆಲೆ ಕೊಟ್ಟು ತರುವ ಪ್ಲಾಸ್ಟಿಕ್ ಜೀವಕೋಶದ ಮಾದರಿ ನಮ್ಮ ಲ್ಯಾಬಿನಲ್ಲೂ ಇದೆ. ಅದರ ಮೈಟೋಕಾಂಡ್ರಿಯಾದ ಒಳಗೆ ಒಂದು ಅಂಕುಡೊಂಕು ಗೆರೆ ಬಿಟ್ಟರೆ ಏನೂ ಇಲ್ಲ. ಈ ಜಾಲತಾಣ ಬಳಸಲು ಶುರು ಮಾಡಿದ ಮೇಲೆ ಆ ಮಾದರಿಯನ್ನು ಬೀರುವಿನಿಂದ ಹೊರಗೆ ತೆಗೆಯುವುದು ಕಮ್ಮಿಯಾಗಿದೆ.

ಪ್ರತಿ ರಚನೆಯ ಜೊತೆ ಒಂದು ಗುಣಮಟ್ಟದ ವರದಿ ಇರುತ್ತದೆ. ಅದರಲ್ಲಿ ರಾಮಚಂದ್ರನ್ ಎಂಬ ಹೆಸರು ಹುಡುಕಿ. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಮಡಚಬಹುದು ಎಂದು ಮದರಾಸಿನಲ್ಲಿದ್ದಾಗ ಲೆಕ್ಕ ಹಾಕಿ ತೋರಿಸಿದ ಜಿ. ಎನ್. ರಾಮಚಂದ್ರನ್ ಅವರು. ಆಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಜಗತ್ತಿನ ಯಾವ ಮೂಲೆಯಿಂದ ಪ್ರೋಟೀನ್ ರಚನೆ ಬಂದರೂ ಅವರ ನಕ್ಷೆಯ ಮುಂದೆ ನಿಲ್ಲಬೇಕು. ಈ ಪುಟವನ್ನು ನಾನು ಯಾವ ವರ್ಷವೂ ಬಿಡುವುದಿಲ್ಲ.

ಬಳಸುವವರಿಗೆ ಒಂದು ಮಾತು: ನಿಮ್ಮ ಕಾಲೇಜಿನ ನೆಟ್ ನಿಧಾನವಾಗಿದ್ದರೆ ದೊಡ್ಡ ರಚನೆಗಳನ್ನು ತರಗತಿಗೆ ಮೊದಲೇ ತೆರೆದಿಟ್ಟುಕೊಳ್ಳಿ, ಮತ್ತು ರಿಬ್ಬನ್ ರೂಪದಲ್ಲೇ ಬಿಡಿ. ಮೊಬೈಲಿನಲ್ಲಿ ತೋರಿಸುವುದಾದರೆ 1ಒಎಂ2 ಚಿಕ್ಕದು, ಅದರಿಂದಲೇ ಶುರು ಮಾಡಿ.